ಬೇರೆ ಮೇಜಿನಲ್ಲಿ ಸ್ತೋತ್ರ: ಕಟ್ಟುನಿಟ್ಟಿನ ಸಭೆಯನ್ನು ಬಿಟ್ಟವರ ಊಟದ ಪ್ರಾರ್ಥನೆ

ಪೀಠಿಕೆ

ಊಟಕ್ಕೆ ಮೊದಲು ಮಾಡುವ ಪ್ರಾರ್ಥನೆಯು ಕ್ರೈಸ್ತ ಭಕ್ತಿಜೀವನದ ಅತ್ಯಂತ ಚಿಕ್ಕ ಆಚರಣೆಗಳಲ್ಲಿ ಒಂದು. ಅದಕ್ಕೆ ಅರ್ಧ ನಿಮಿಷ ಸಾಕು. ಆದರೆ ಕಟ್ಟುನಿಟ್ಟಾದ ಧಾರ್ಮಿಕ ಸಮುದಾಯದಲ್ಲಿ ಬೆಳೆದು, ಅದನ್ನು ಬಿಟ್ಟು ಹೊರಬಂದವರಿಗೆ ಅದು ಚಿಕ್ಕ ಸಂಗತಿಯಾಗಿ ಉಳಿಯುವುದಿಲ್ಲ. ಅವರು ಆ ಸಮುದಾಯದ ಆರಾಧನೆಗೆ ಹೋಗುವುದನ್ನು ನಿಲ್ಲಿಸಬಹುದು, ಉಡುಪನ್ನು ಬದಲಿಸಬಹುದು, ಊರನ್ನೇ ತೊರೆಯಬಹುದು. ಆದರೆ ಊಟವು ದಿನಕ್ಕೆ ಎರಡು ಮೂರು ಬಾರಿ ಎದುರಿಗೆ ಬರುತ್ತದೆ. ತಟ್ಟೆಯ ಮುಂದೆ ಕುಳಿತೊಡನೆ ತಲೆ ತಾನಾಗಿ ಬಾಗುತ್ತದೆ. ಆಗ ಮನಸ್ಸು ಕೇಳುತ್ತದೆ: ಇದು ಪ್ರಾರ್ಥನೆಯೋ, ಅಭ್ಯಾಸಬಲವೋ? ಭಕ್ತಿಯೋ, ಭಯವೋ? ಈ ಪ್ರಾರ್ಥನೆ ನನ್ನದೋ, ನಾನು ಬಿಟ್ಟುಬಂದವರದೋ?

ಇಂಥವರು ನಮ್ಮ ಸಭೆಗಳಿಗೂ ಬರುತ್ತಾರೆ, ನಮ್ಮ ಮನೆಗಳಲ್ಲಿಯೂ ಊಟಕ್ಕೆ ಕುಳಿತುಕೊಳ್ಳುತ್ತಾರೆ. ಆಗ ಸಭಾಪಾಲಕರು ಏನು ಹೇಳಬೇಕು, ಅದಕ್ಕಿಂತ ಮುಖ್ಯವಾಗಿ ಏನು ಹೇಳಬಾರದು ಎಂಬುದನ್ನು ಈ ಲೇಖನದಲ್ಲಿ ವಿಚಾರಿಸುತ್ತೇವೆ. ವಿಚಾರಕ್ಕೆ ಆಧಾರವಾಗಿ ಉತ್ತರ ಅಮೆರಿಕದ ಆಮಿಶ್ ಸಭೆಗಳನ್ನು ಆರಿಸಿಕೊಂಡಿದ್ದೇವೆ. ಊಟದ ಪ್ರಾರ್ಥನೆ ಮತ್ತು ಊಟದ ಬಹಿಷ್ಕಾರ ಇವೆರಡೂ ಒಂದೇ ಮೇಜಿನ ಸುತ್ತ ಇಷ್ಟು ಸ್ಪಷ್ಟವಾಗಿ ಎದುರಾಗುವುದನ್ನು ಬೇರೆಡೆ ಕಾಣುವುದು ಕಷ್ಟ.

ಆಮಿಶ್ ಮನೆಯ ಮೌನ

ಆಮಿಶ್ ಜನರು ಹದಿನಾರನೆಯ ಶತಮಾನದ ಅನಾಬ್ಯಾಪ್ಟಿಸ್ಟ್ ಚಳವಳಿಯ ಸಂತತಿಯವರು. ಸ್ವಿಟ್ಜರ್ಲೆಂಡ್ ಮತ್ತು ಅಲ್ಸಾಸ್ ಪ್ರಾಂತಗಳಲ್ಲಿ ಹಿಂಸೆಯನ್ನು ಅನುಭವಿಸಿದ ಇವರ ಪೂರ್ವಜರು ಹದಿನೆಂಟನೆಯ ಶತಮಾನದಿಂದ ಪೆನ್ಸಿಲ್ವೇನಿಯಕ್ಕೆ ವಲಸೆ ಹೋದರು. ಉಡುಪು, ವಾಹನ, ವಿದ್ಯುತ್ತು, ಮದುವೆ ಎಲ್ಲವೂ 'ಓರ್ಡ್‌ನುಂಗ್' ಎಂದು ಕರೆಯಲ್ಪಡುವ ಸಭಾನಿಯಮಕ್ಕೆ ಒಳಪಟ್ಟಿವೆ. ಈ ನಿಯಮವು ಬಹುಮಟ್ಟಿಗೆ ಬಾಯಿಮಾತಿನದು; ಬರಹಕ್ಕಿಂತ ಬದುಕಿನಲ್ಲಿಯೇ ಕಲಿಯತಕ್ಕದ್ದು.

ಊಟದ ಪ್ರಾರ್ಥನೆಯೂ ಹಾಗೆಯೇ ಕಲಿತು ಬರುತ್ತದೆ. ಆಮಿಶ್ ಮನೆಯಲ್ಲಿ ಊಟಕ್ಕೆ ಮೊದಲು ಯಾರೂ ಗಟ್ಟಿಯಾಗಿ ಪ್ರಾರ್ಥಿಸುವುದಿಲ್ಲ. ಎಲ್ಲರೂ ಕೈಗಳನ್ನು ಮಡಿಲಲ್ಲಿಟ್ಟು ತಲೆಬಾಗಿಸುತ್ತಾರೆ. ಅನೇಕರು ಕರ್ತನ ಪ್ರಾರ್ಥನೆಯನ್ನು ಮನಸ್ಸಿನಲ್ಲಿಯೇ ಹೇಳಿಕೊಳ್ಳುತ್ತಾರೆ. ಮನೆಯ ಯಜಮಾನನು ತಲೆಯೆತ್ತಿದಾಗ, ಇಲ್ಲವೆ ಮೆಲ್ಲನೆ ಗಂಟಲು ಸರಿಪಡಿಸಿಕೊಂಡಾಗ, ಪ್ರಾರ್ಥನೆ ಮುಗಿಯಿತೆಂದು ತಿಳಿಯುತ್ತದೆ. ಊಟವಾದ ಮೇಲೆ ಮತ್ತೊಮ್ಮೆ ಅದೇ ರೀತಿಯ ಮೌನವಿರುತ್ತದೆ.

ಈ ಮೌನದ ಗುಣವನ್ನು ನಾವು ಕಡೆಗಣಿಸಬಾರದು. ಇಲ್ಲಿ ವಾಕ್ಚಾತುರ್ಯಕ್ಕೆ ಅವಕಾಶವಿಲ್ಲ. ಹಿರಿಯನ ಪ್ರಾರ್ಥನೆ ಹೆಚ್ಚು, ಮಗುವಿನ ಪ್ರಾರ್ಥನೆ ಕಡಿಮೆ ಎಂದು ಅಳೆಯಲು ಅಳತೆಗೋಲಿಲ್ಲ. ಆದರೆ ಇದೇ ಮೌನವು ಹೊರಬಂದವನಿಗೆ ಒಂದು ವಿಶೇಷ ತೊಡಕನ್ನು ಉಂಟುಮಾಡುತ್ತದೆ. ಮಾತಿನ ಪ್ರಾರ್ಥನೆಯಾಗಿದ್ದರೆ ಹಳೆಯ ಮಾತುಗಳನ್ನು ಬಿಟ್ಟು ಹೊಸ ಮಾತುಗಳನ್ನು ಕಲಿಯಬಹುದು. ಮೌನವನ್ನು ಬದಲಿಸುವುದು ಹೇಗೆ? ಬೇರೆ ಊರಿನಲ್ಲಿ ಒಬ್ಬನೇ ಕುಳಿತು ಊಟಮಾಡುವ ಯುವಕನೊಬ್ಬನನ್ನು ಊಹಿಸಿಕೊಳ್ಳೋಣ. ಅವನು ತಲೆಬಾಗಿಸುತ್ತಾನೆ, ಆದರೆ ತಲೆಯೆತ್ತುವ ಹೊತ್ತನ್ನು ತಿಳಿಸಲು ತಂದೆಯಿಲ್ಲ. ಮೌನ ಎಷ್ಟು ಹೊತ್ತು ಇರಬೇಕು, ಅದರೊಳಗೆ ಏನಿರಬೇಕು ಎಂಬುದನ್ನು ಅವನೇ ನಿರ್ಧರಿಸಬೇಕಾಗುತ್ತದೆ.

ಬಹಿಷ್ಕಾರ ಮತ್ತು ಬೇರೆ ಮೇಜು

ಆಮಿಶ್ ಸಭೆಯು ಪ್ರತ್ಯೇಕವಾಗಿ ಹುಟ್ಟಿದ್ದೇ ಊಟದ ಪ್ರಶ್ನೆಯ ಸುತ್ತ. 1632ರ ಡಾರ್ಡ್ರೆಕ್ಟ್ ವಿಶ್ವಾಸ ಪ್ರಮಾಣದ 17ನೆಯ ವಿಧಿಯು, ಸಭೆಯಿಂದ ಹೊರಹಾಕಲ್ಪಟ್ಟವನೊಂದಿಗೆ ಉಣ್ಣುವುದು ಕುಡಿಯುವುದು ಮೊದಲಾದ ಒಡನಾಟವನ್ನು ಬಿಡಬೇಕೆಂದು ಬೋಧಿಸುತ್ತದೆ. ಸ್ವಿಸ್ ಸಭೆಗಳಲ್ಲಿ ಈ ಪದ್ಧತಿ ಬಿಗಿಯಾಗಿರಲಿಲ್ಲ. ಅದನ್ನು ಬಿಗಿಯಾಗಿ ಜಾರಿಗೆ ತರಬೇಕೆಂದು ಯಾಕೋಬ್ ಅಮ್ಮನ್ ಎಂಬ ಹಿರಿಯನು ಒತ್ತಾಯಿಸಿದನು. ಹಾನ್ಸ್ ರೈಸ್ಟ್ ಎಂಬ ಮತ್ತೊಬ್ಬ ಹಿರಿಯನು ಒಪ್ಪಲಿಲ್ಲ. ಕ್ರಿಸ್ತನು ಸುಂಕದವರ ಮತ್ತು ಪಾಪಿಗಳ ಸಂಗಡ ಊಟಮಾಡಿದನಲ್ಲವೇ ಎಂಬುದು ಆ ಪಕ್ಷದ ವಾದವಾಗಿತ್ತು. 1693ರಲ್ಲಿ ಸಭೆ ಒಡೆಯಿತು. 1700ರಲ್ಲಿ ಅಮ್ಮನ್ ಮತ್ತು ಅವನ ಸಂಗಡಿಗರು ತಾವು ಆತುರಪಟ್ಟೆವೆಂದು ಒಪ್ಪಿಕೊಂಡು, ತಮ್ಮನ್ನು ತಾವೇ ಬಹಿಷ್ಕಾರಕ್ಕೆ ಒಳಪಡಿಸಿಕೊಂಡು ಸಂಧಾನವನ್ನು ಕೋರಿದರು. ಆದರೂ ಬಿರುಕು ಮುಚ್ಚಲಿಲ್ಲ.

ಇಂದಿಗೂ ದೀಕ್ಷಾಸ್ನಾನ ಹೊಂದುವ ಮೊದಲೇ ಹೊರಹೋದ ಯುವಕ ಯುವತಿಯರಿಗೆ ಬಹಿಷ್ಕಾರವಿಲ್ಲ. ಪ್ರಾಯಕ್ಕೆ ಬಂದು, ಮೊಣಕಾಲೂರಿ ಪ್ರತಿಜ್ಞೆಮಾಡಿ, ಅನಂತರ ಬಿಟ್ಟುಹೋದವರಿಗೆ ಮಾತ್ರ ಅದು ಅನ್ವಯಿಸುತ್ತದೆ. ಅದರ ಬಿಗಿ ಎಲ್ಲ ಕಡೆಯೂ ಒಂದೇ ಸಮನಲ್ಲ. ಕೆಲವು ಸಭೆಗಳಲ್ಲಿ ಹೊರಹೋದವನು ಸಮೀಪದ ಮೆನೊನೈಟ್ ಸಭೆಯನ್ನು ಸೇರಿದರೆ ಬಹಿಷ್ಕಾರ ಸಡಿಲವಾಗುತ್ತದೆ. ಬೇರೆ ಕೆಲವು ಸಭೆಗಳಲ್ಲಿ ಅದು ಜೀವಮಾನದುದ್ದಕ್ಕೂ ಇರುತ್ತದೆ. ಅಂಥವನು ತಾಯಿತಂದೆಯರನ್ನು ನೋಡಲು ಬಂದಾಗ ಅವನಿಗೆ ಬೇರೆ ಮೇಜಿನಲ್ಲಿ ಊಟ ಬಡಿಸುವ ವಾಡಿಕೆಯಿದೆ. ಕೆಲವು ಮನೆಗಳಲ್ಲಿ ಎರಡು ಮೇಜುಗಳನ್ನು ಸ್ವಲ್ಪವೇ ಅಂತರದಲ್ಲಿಟ್ಟು, ಎರಡರ ಮೇಲೂ ಒಂದೇ ಬಟ್ಟೆಯನ್ನು ಹಾಸುತ್ತಾರೆ. ನಿಯಮವೂ ಉಳಿಯಬೇಕು, ಮಗನೂ ಹತ್ತಿರವಿರಬೇಕು ಎಂಬ ತಾಯಿಯ ಸಂಕಟವನ್ನು ಆ ಬಟ್ಟೆಯೇ ಹೇಳುತ್ತದೆ.

ಪಂಕ್ತಿಭೇದವನ್ನು ಕಂಡ ನಮ್ಮ ನಾಡಿನ ಓದುಗರಿಗೆ ಈ ಅಂತರದ ನೋವನ್ನು ವಿವರಿಸಬೇಕಾಗಿಲ್ಲ. ಆದರೆ ಎರಡನ್ನೂ ಒಂದೇ ಎನ್ನುವುದೂ ನ್ಯಾಯವಲ್ಲ. ಪಂಕ್ತಿಭೇದವು ಹುಟ್ಟಿನ ಮೇಲೆ ನಿಂತದ್ದು. ಈ ಬಹಿಷ್ಕಾರವು ಪ್ರತಿಜ್ಞಾಭಂಗದ ಮೇಲೆ ನಿಂತದ್ದು, ಮತ್ತು ಪಶ್ಚಾತ್ತಾಪವೇ ಅದರ ಉದ್ದೇಶ. ಅದೇ 17ನೆಯ ವಿಧಿಯು, ಹೊರಹಾಕಲ್ಪಟ್ಟವನು ಹಸಿದಿದ್ದರೆ, ಬಾಯಾರಿದ್ದರೆ, ಬಟ್ಟೆಯಿಲ್ಲದವನಾಗಿದ್ದರೆ, ರೋಗಿಯಾಗಿದ್ದರೆ ಅವನಿಗೆ ನೆರವಾಗಲೇಬೇಕೆಂದೂ, ಅವನನ್ನು ವೈರಿಯೆಂದು ಎಣಿಸಬಾರದೆಂದೂ ಹೇಳುತ್ತದೆ. ಬಹಿಷ್ಕರಿಸುವವರು ಪ್ರೀತಿಯಿಂದಲೇ ಹಾಗೆ ಮಾಡುತ್ತೇವೆಂದು ನಂಬುತ್ತಾರೆ. ಆ ನಂಬಿಕೆಯನ್ನು ನಾವು ಗೇಲಿಮಾಡಿದರೆ ಹೊರಬಂದವನ ಗಾಯ ವಾಸಿಯಾಗುವುದಿಲ್ಲ; ಏಕೆಂದರೆ ಗಾಯ ಮಾಡಿದವರೂ ಅವನು ಪ್ರೀತಿಸುವವರೂ ಒಬ್ಬರೇ.

ಈಗ ಆ ಎರಡು ಮೇಜುಗಳ ಮನೆಯಲ್ಲಿ ಪ್ರಾರ್ಥನೆಯ ಹೊತ್ತನ್ನು ನೆನೆಸಿಕೊಳ್ಳೋಣ. ತಂದೆ ತಲೆಬಾಗಿಸುತ್ತಾನೆ. ದೊಡ್ಡ ಮೇಜಿನ ಸುತ್ತ ಎಲ್ಲ ತಲೆಗಳೂ ಬಾಗುತ್ತವೆ. ಬೇರೆ ಮೇಜಿನಲ್ಲಿ ಕುಳಿತ ಮಗನು ಏನು ಮಾಡಬೇಕು? ತಲೆಬಾಗಿಸಿದರೆ, ತನ್ನನ್ನು ಹೊರಗಿಟ್ಟ ನಿಯಮವನ್ನು ಒಪ್ಪಿದಂತೆ ಆಗುವುದೋ? ಬಾಗಿಸದೆ ಇದ್ದರೆ ದೇವರನ್ನೇ ತಳ್ಳಿದಂತೆ ಆಗುವುದೋ? ಇದಕ್ಕೆ ಉತ್ತರ ದೊರೆಯಬೇಕಾದರೆ ಊಟದ ಪ್ರಾರ್ಥನೆ ಎಂದರೇನು ಎಂಬ ಮೂಲಪ್ರಶ್ನೆಗೆ ಹೋಗಬೇಕು.

ಸ್ತೋತ್ರ ಯಾರಿಗೆ ಸೇರಿದ್ದು?

ಸತ್ಯವೇದದಲ್ಲಿ ಊಟದ ಸ್ತೋತ್ರಕ್ಕೆ ಆಧಾರವಾದ ಮುಖ್ಯ ವಾಕ್ಯವೆಂದು ಯೆಹೂದ್ಯರು ಎಣಿಸುವುದು ಧರ್ಮೋಪದೇಶಕಾಂಡ 8:10ನ್ನು. ಉಂಡು ತೃಪ್ತರಾದ ಮೇಲೆ, ಕೊಟ್ಟ ಒಳ್ಳೆಯ ದೇಶಕ್ಕಾಗಿ ದೇವರನ್ನು ಕೊಂಡಾಡಬೇಕೆಂದು ಅಲ್ಲಿ ಹೇಳಿದೆ. ಅಲ್ಲಿ ಸ್ತೋತ್ರವು ಊಟದ ಮೊದಲಲ್ಲ, ಊಟದ ನಂತರ ಇದೆ ಎಂಬುದನ್ನು ಗಮನಿಸಬೇಕು. ಊಟಕ್ಕೆ ಮೊದಲು ಹೇಳುವ ಸ್ತೋತ್ರದ ಕುರಿತು ತಾಲ್ಮೂದಿನ ಬೆರಾಖೋತ್ ಭಾಗದಲ್ಲಿ ರಬ್ಬಿಗಳು ಒಂದು ಚರ್ಚೆಯನ್ನು ನಡೆಸಿದ್ದಾರೆ. ಭೂಮಿಯೂ ಅದರಲ್ಲಿರುವ ಸಮಸ್ತವೂ ಕರ್ತನದೆಂದು ಕೀರ್ತನೆ 24:1 ಹೇಳುತ್ತದೆ. ಭೂಮಿಯನ್ನು ಮನುಷ್ಯರಿಗೆ ಕೊಟ್ಟಿದ್ದಾನೆಂದು ಕೀರ್ತನೆ 115:16 ಹೇಳುತ್ತದೆ. ಎರಡೂ ಹೇಗೆ ಸತ್ಯ? ಸ್ತೋತ್ರಕ್ಕೆ ಮೊದಲು ಅದು ದೇವರದು, ಸ್ತೋತ್ರವಾದ ಮೇಲೆ ಮನುಷ್ಯರಿಗೆ ಕೊಟ್ಟದ್ದು ಎಂಬುದು ಅವರು ಕೊಟ್ಟ ಉತ್ತರ. ಈ ಬರಹವು ಹೊಸ ಒಡಂಬಡಿಕೆಗಿಂತ ಈಚಿನದಾದರೂ, ಅದರ ಹಿಂದಿರುವ ಭಾವನೆ ಹಳೆಯದು. ಪೌಲನು ಸಹ ಆಹಾರದ ಪ್ರಶ್ನೆಯನ್ನು ಬಿಡಿಸುವಾಗ (1 ಕೊರಿಂಥ 10:26) ಅದೇ 24ನೆಯ ಕೀರ್ತನೆಯನ್ನೇ ಆಧಾರವಾಗಿ ಹಿಡಿಯುತ್ತಾನೆ.

ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಊಟದ ಸ್ತೋತ್ರವು ಆಹಾರದ ಮೇಲೆ ಹಾಕುವ ಮುದ್ರೆಯಲ್ಲ. ಕೊಡುವಾತನ ಕಡೆಗೆ ಎತ್ತುವ ಮುಖ. ಯೆಹೂದ್ಯರ ರೂಢಿಯಲ್ಲಿ ಸ್ತುತಿಸಲ್ಪಡುವುದು ರೊಟ್ಟಿಯಲ್ಲ, ಭೂಮಿಯಿಂದ ರೊಟ್ಟಿಯನ್ನು ಬರಮಾಡುವ ದೇವರು. ಮಾರ್ಕ 6:41ರಲ್ಲಿ ನಮ್ಮ ಕರ್ತನು ರೊಟ್ಟಿಗಳನ್ನು ಕೈಯಲ್ಲಿ ಹಿಡಿದು ಆಕಾಶದ ಕಡೆಗೆ ನೋಡಿದನೆಂಬ ಚಿಕ್ಕ ವಿವರವೂ ಇದನ್ನೇ ತೋರಿಸುತ್ತದೆ.

ಇದಕ್ಕೆ ವಿರೋಧವಾಗಿ 1 ತಿಮೊಥೆಯ 4:5ನ್ನು ಎತ್ತಿತೋರಿಸಬಹುದು. ಆಹಾರವು ದೇವರ ವಾಕ್ಯದಿಂದಲೂ ಪ್ರಾರ್ಥನೆಯಿಂದಲೂ ಪವಿತ್ರವಾಗುತ್ತದೆ ಎಂದು ಅಲ್ಲಿದೆಯಲ್ಲವೇ? ಹಾಗಾದರೆ ಪ್ರಾರ್ಥಿಸದೆ ಉಂಡ ಆಹಾರ ಅಪವಿತ್ರವೋ? ಕಟ್ಟುನಿಟ್ಟಿನ ಮನೆಗಳಲ್ಲಿ ಬೆಳೆದ ಎಷ್ಟೋ ಮಕ್ಕಳ ಭಯಕ್ಕೆ ಈ ತಿಳುವಳಿಕೆಯೇ ಮೂಲ. ಆದರೆ ಇದರ ಸಂದರ್ಭ ನೋಡತಕ್ಕದ್ದು. ಕೆಲವು ಆಹಾರಗಳನ್ನು ಬಿಡಬೇಕೆಂದು ನಿಷೇಧಿಸುವವರ ವಿರುದ್ಧವಾಗಿ ಈ ಮಾತು ಬಂದಿದೆ. ಇದಕ್ಕೆ ಮೊದಲಿನ ವಚನವು, ದೇವರು ಸೃಷ್ಟಿಸಿದ್ದೆಲ್ಲಾ ಒಳ್ಳೆಯದೆಂದು ಮೊದಲೇ ಹೇಳಿಬಿಟ್ಟಿದೆ. ಆದುದರಿಂದ ಪ್ರಾರ್ಥನೆಯು ಆಹಾರದ ಮೈಲಿಗೆಯನ್ನು ತೊಳೆಯುವುದಿಲ್ಲ. ತೊಳೆಯಬೇಕಾದ ಮೈಲಿಗೆಯೇ ಅದರಲ್ಲಿಲ್ಲ. ಬಡಿಸಿದವರನ್ನು ಗುರುತಿಸಿ ಉಣ್ಣುವಂತೆ ಪ್ರಾರ್ಥನೆಯು ನಮಗೆ ಕಲಿಸುತ್ತದೆ.

ಹೀಗಿರುವಾಗ, ಈ ಸ್ತೋತ್ರವು ಯಾವ ಸಭೆಯ ಆಸ್ತಿಯೂ ಅಲ್ಲ. ಒಬ್ಬನಿಗೆ ಅದನ್ನು ಕಲಿಸಿದ ಸಮುದಾಯ ಬೇರೆ, ಅದು ಸಲ್ಲುವ ದೇವರು ಬೇರೆ. ಕಲಿಸಿದವರನ್ನು ಬಿಟ್ಟುಬಂದವನು ಸ್ತೋತ್ರವನ್ನೂ ಅವರಿಗೇ ಹಿಂದಿರುಗಿಸಿ ಬರಬೇಕಾಗಿಲ್ಲ.

ಪೌಲನ ವಾದ

ಬಹಿಷ್ಕಾರವನ್ನು ಸಮರ್ಥಿಸುವವರು ಮುಖ್ಯವಾಗಿ ಹಿಡಿಯುವ ವಾಕ್ಯವು 1 ಕೊರಿಂಥ 5:11. ಅಂಥವನ ಸಂಗಡ ಊಟವನ್ನೂ ಮಾಡಬಾರದೆಂದು ಪೌಲನು ಅಲ್ಲಿ ಬರೆದಿರುವುದು ನಿಜ. ಇದನ್ನು ನಾವು ಮರೆಮಾಡಬಾರದು. ಆದರೆ 'ಅಂಥವನು' ಯಾರೆಂಬುದನ್ನು ಅದೇ ವಚನವು ಪಟ್ಟಿಮಾಡುತ್ತದೆ: ಜಾರನು, ಲೋಭಿ, ವಿಗ್ರಹಾರಾಧಕನು, ಬೈಯುವವನು, ಕುಡಿಕನು, ಸುಲುಕೊಳ್ಳುವವನು. ಇವರು ಸಹೋದರನೆಂಬ ಹೆಸರನ್ನು ಇಟ್ಟುಕೊಂಡೇ ಬೇರೆಯವರಿಗೆ ಕೇಡುಮಾಡುವವರು. ಬೇರೊಂದು ಸಭೆಯಲ್ಲಿ ಕ್ರಿಸ್ತನನ್ನು ಆರಾಧಿಸುವವನಾಗಲಿ, ನಂಬಿಕೆಯ ವಿಷಯದಲ್ಲಿ ಇನ್ನೂ ತಡವರಿಸುತ್ತಿರುವವನಾಗಲಿ ಆ ಪಟ್ಟಿಯಲ್ಲಿ ಇಲ್ಲ.

ಐದು ಅಧ್ಯಾಯಗಳ ನಂತರ, 1 ಕೊರಿಂಥ 10:30ರಲ್ಲಿ, ಅದೇ ಪೌಲನು ಒಂದು ಪ್ರಶ್ನೆ ಕೇಳುತ್ತಾನೆ: ನಾನು ಸ್ತೋತ್ರಮಾಡಿ ತಿಂದರೆ, ಯಾವುದಕ್ಕಾಗಿ ಸ್ತೋತ್ರಮಾಡಿದೆನೋ ಅದರ ನಿಮಿತ್ತ ನನ್ನನ್ನು ದೂಷಿಸುವುದೇಕೆ? ಈ ಪ್ರಶ್ನೆಯಲ್ಲಿ ಸ್ತೋತ್ರವೇ ಸ್ವಾತಂತ್ರ್ಯದ ಆಧಾರವಾಗಿದೆ. ರೋಮಾಪುರದವರಿಗೆ 14:6ರಲ್ಲಿ ಅವನು ಇನ್ನೂ ಮುಂದಕ್ಕೆ ಹೋಗುತ್ತಾನೆ. ತಿನ್ನುವವನು ದೇವರಿಗೆ ಸ್ತೋತ್ರಮಾಡುತ್ತಾನೆ. ತಿನ್ನದವನೂ ದೇವರಿಗೆ ಸ್ತೋತ್ರಮಾಡುತ್ತಾನೆ. ನಿಯಮಕ್ಕೆ ಬದ್ಧನಾದವನನ್ನೂ ನಿಯಮದಿಂದ ಬಿಡುಗಡೆಯಾದವನನ್ನೂ ಪೌಲನು ಒಂದೇ ನಿಯಮಕ್ಕೆ ತರುವುದಿಲ್ಲ. ಇಬ್ಬರನ್ನೂ ಒಂದೇ ಸ್ತೋತ್ರದ ಕೆಳಗೆ ತರುತ್ತಾನೆ. ಎರಡು ಮೇಜುಗಳು ಉಳಿದಿರಬಹುದು, ಆದರೆ ಸ್ತೋತ್ರ ಎರಡಲ್ಲ.

ಅಪೊಸ್ತಲರ ಕೃತ್ಯಗಳು 27ನೆಯ ಅಧ್ಯಾಯದಲ್ಲಿ ಪೌಲನೇ ಇದನ್ನು ಮಾಡಿ ತೋರಿಸಿದ್ದಾನೆ. ಬಿರುಗಾಳಿಗೆ ಸಿಕ್ಕಿದ ಹಡಗಿನಲ್ಲಿ 276 ಜನರಿದ್ದರು: ಸಿಪಾಯಿಗಳು, ನಾವಿಕರು, ಕೈದಿಗಳು. ಹದಿನಾಲ್ಕು ದಿನಗಳಿಂದ ಅವರು ಸರಿಯಾಗಿ ಉಂಡಿರಲಿಲ್ಲ. ಪೌಲನು ರೊಟ್ಟಿಯನ್ನು ತೆಗೆದುಕೊಂಡು ಎಲ್ಲರ ಮುಂದೆ ದೇವರಿಗೆ ಸ್ತೋತ್ರಮಾಡಿ, ಮುರಿದು ತಿನ್ನಲಾರಂಭಿಸಿದನು. ಅವರಲ್ಲಿ ಎಷ್ಟು ಮಂದಿ ನಂಬಿದವರೆಂದು ಅವನು ಎಣಿಸಲಿಲ್ಲ. ತಲೆಬಾಗಿಸಿರೆಂದು ಅಪ್ಪಣೆಕೊಡಲೂ ಇಲ್ಲ. ಅವರೆಲ್ಲರೂ ಧೈರ್ಯಗೊಂಡು ತಾವೂ ಆಹಾರ ತೆಗೆದುಕೊಂಡರು. ಒಬ್ಬನ ಸ್ತೋತ್ರವು ಮಿಕ್ಕವರಿಗೆ ಪರೀಕ್ಷೆಯಾಗದೆ ಧೈರ್ಯವಾದದ್ದು ಇಲ್ಲಿಯ ವಿಶೇಷ.

ಸ್ತೋತ್ರವೇ ಗೋಡೆಯಾದಾಗ

ಸ್ತೋತ್ರದ ರೂಪವಿದ್ದ ಮಾತ್ರಕ್ಕೆ ಅದು ಸ್ತೋತ್ರವಾಗುವುದಿಲ್ಲ ಎಂಬುದನ್ನೂ ಹೇಳಬೇಕು. ಲೂಕ 18:11ರ ಫರಿಸಾಯನ ಪ್ರಾರ್ಥನೆಯು ರೂಪದಲ್ಲಿ ಕೃತಜ್ಞತಾಸ್ತುತಿಯೇ. ಅವನೂ ದೇವರಿಗೆ ಸ್ತೋತ್ರ ಸಲ್ಲಿಸುತ್ತಾನೆ; ತಾನು ಉಳಿದವರಂತೆ ಅಲ್ಲವೆಂಬುದೇ ಅದಕ್ಕೆ ಕಾರಣ. ಹಾಗೆಯೇ ಅಂತಿಯೋಕ್ಯದಲ್ಲಿ ಅನ್ಯಜನರ ಸಂಗಡ ಊಟಮಾಡುತ್ತಿದ್ದ ಪೇತ್ರನು, ಯಾಕೋಬನ ಕಡೆಯವರು ಬಂದಾಗ ಅಂಜಿ ಹಿಂದೆಗೆದನು (ಗಲಾತ್ಯ 2:12). ಅವನು ಹೊಸ ಸಿದ್ಧಾಂತವನ್ನೇನೂ ಬೋಧಿಸಲಿಲ್ಲ. ಮೇಜನ್ನು ಬದಲಿಸಿದನು, ಅಷ್ಟೇ. ಸುವಾರ್ತೆಯ ಸತ್ಯಕ್ಕೆ ಅದು ಸರಿಯಾದ ನಡತೆಯಲ್ಲವೆಂದು ಪೌಲನು ಕಂಡನು.

ಈ ಎಚ್ಚರಿಕೆ ಆಮಿಶ್ ಜನರಿಗೆ ಮಾತ್ರವಲ್ಲ, ನಮಗೂ ಸಲ್ಲುತ್ತದೆ. ನಮ್ಮ ಮನೆಗಳಲ್ಲಿ ಬೇರೆ ಮೇಜು ಇಲ್ಲದಿರಬಹುದು. ಆದರೆ ಅತಿಥಿಯು ಪ್ರಾರ್ಥನೆಯ ವೇಳೆ ಕಣ್ಣುಮುಚ್ಚಿದನೋ ಇಲ್ಲವೋ ಎಂದು ಅರೆಗಣ್ಣಿನಿಂದ ನೋಡುವವರು ನಾವಾದರೆ, ಮೇಜನ್ನು ಎರಡಾಗಿ ಮಾಡಿದಂತೆಯೇ ಸರಿ. ಆಹಾರಕ್ಕಾಗಿ ಎಂದು ಆರಂಭವಾದ ಪ್ರಾರ್ಥನೆಯು ಎದುರಿಗೆ ಕುಳಿತವನ ಮನಃಪರಿವರ್ತನೆಗಾಗಿ ಎಂದು ಮುಗಿಯುವುದೂ ಉಂಟು. ದೇವರ ಕಡೆಗೆ ಮಾತಾಡುತ್ತಾ ಮನುಷ್ಯನಿಗೆ ಬುದ್ಧಿಹೇಳುವ ಈ ರೂಢಿಯನ್ನು ನಾವು ಬಿಡಬೇಕು.

ಆದರೆ ಕರ್ತನ ಭೋಜನದ ಶಿಸ್ತು ಬೇರೆ, ಮನೆಯ ಊಟ ಬೇರೆ ಎಂಬುದನ್ನು ಮರೆಯಬಾರದು. ಆದಿಸಭೆಯ 'ದಿದಖೆ' ಎಂಬ ಬರಹವು ಸ್ತೋತ್ರಭೋಜನಕ್ಕೆ ದೀಕ್ಷಾಸ್ನಾನ ಹೊಂದಿದವರನ್ನು ಮಾತ್ರ ಸೇರಿಸಿಕೊಳ್ಳುತ್ತದೆ. ಸಭೆಗೆ ಒಂದು ಬಾಗಿಲಿರುವುದು ತಪ್ಪಲ್ಲ. ಆ ಬಾಗಿಲನ್ನು ಕಿತ್ತು ತಂದು ತಾಯಿಯ ಅಡಿಗೆಮನೆಗೆ ಹೂಡುವುದು ಸರಿಯೋ ಎಂಬುದೇ ಪ್ರಶ್ನೆ.

ಪಾಲನಾ ಸೇವೆಗೆ ಕೆಲವು ಸಲಹೆಗಳು

ಮೇಲಿನ ವಿಚಾರದಿಂದ ಸಭಾಪಾಲಕರಿಗೆ ಉಪಯುಕ್ತವಾಗುವ ಕೆಲವು ಮಾತುಗಳನ್ನು ಹೇಳಬಯಸುತ್ತೇವೆ.

ಮೊದಲನೆಯದಾಗಿ, ಇಂಥ ಹಿನ್ನೆಲೆಯಿಂದ ಬಂದವರನ್ನು ಊಟದ ಮೇಜಿನಲ್ಲಿ ಫಕ್ಕನೆ "ನೀವೇ ಪ್ರಾರ್ಥನೆ ಮಾಡಿ" ಎಂದು ಕೇಳಬಾರದು. ನಮಗೆ ಅದು ಮರ್ಯಾದೆಯ ಮಾತು. ಅವರಿಗೆ ಅದು ವಿಚಾರಣೆಯಂತೆ ಕೇಳಿಸಬಹುದು. ಮೌನವಾಗಿ ಪ್ರಾರ್ಥಿಸಲು ಕಲಿತವರ ಮೌನವನ್ನು ಮೌನವಾಗಿಯೇ ಬಿಡಬೇಕು.

ಎರಡನೆಯದಾಗಿ, ಸ್ವಲ್ಪ ಕಾಲ ಪ್ರಾರ್ಥಿಸದೆ ಉಣ್ಣುವವರನ್ನು ಕೃತಘ್ನರೆಂದು ತಿಳಿಯಬಾರದು. ರೋಮಾಪುರದವರಿಗೆ 1:21ರಲ್ಲಿ ಸ್ತೋತ್ರಮಾಡದಿರುವುದು ದೊಡ್ಡ ಪಾಪವೆಂದು ಎಣಿಸಲ್ಪಟ್ಟಿದೆ, ನಿಜ. ಆದರೆ ಭಯದಿಂದ ಹೇಳುತ್ತಿದ್ದ ಮಾತನ್ನು ನಿಲ್ಲಿಸುವುದು ಸ್ತೋತ್ರವನ್ನು ನಿಲ್ಲಿಸಿದಂತಲ್ಲ. ಪ್ರಾರ್ಥಿಸದೆ ಉಂಡರೂ ದೇವರು ತನ್ನನ್ನು ಹೊಡೆಯಲಿಲ್ಲವೆಂದು ಕಂಡುಕೊಳ್ಳುವುದು ಕೆಲವರಿಗೆ ಕೃಪೆಯ ಮೊದಲ ಪಾಠವಾಗಬಹುದು.

ಮೂರನೆಯದಾಗಿ, ಪ್ರಾರ್ಥನೆಗೆ ಮರಳಲು ಬಯಸುವವರಿಗೆ ಬೇರೆ ದಾರಿಗಳುಂಟೆಂದು ತೋರಿಸಬೇಕು. ಧರ್ಮೋಪದೇಶಕಾಂಡದ ಕ್ರಮದಂತೆ ಊಟವಾದ ಮೇಲೆ ಸ್ತೋತ್ರಮಾಡಬಹುದು. ತಲೆಬಾಗಿಸುವುದು ಹಳೆಯ ಭಯವನ್ನು ಎಬ್ಬಿಸುವುದಾದರೆ, ನಮ್ಮ ಕರ್ತನಂತೆ ತಲೆಯೆತ್ತಿ ನೋಡಬಹುದು. ಮಾತು ಬೇಕೆನಿಸಿದರೆ ಕೀರ್ತನೆ 145ರ 15 ಮತ್ತು 16ನೆಯ ವಚನಗಳಿವೆ. 1529ರಲ್ಲಿ ಲೂಥರನು ತನ್ನ ಚಿಕ್ಕ ಪ್ರಶ್ನೋತ್ತರಮಾಲೆಯಲ್ಲಿ ಮನೆಯವರಿಗೆ ಊಟದ ಪ್ರಾರ್ಥನೆಯಾಗಿ ಕೊಟ್ಟದ್ದು ಅವುಗಳನ್ನೇ. ಬೇರೆಯವರ ಮಾತನ್ನು ಎರವಲು ಪಡೆಯುವುದು ಅಪ್ರಾಮಾಣಿಕತೆಯಲ್ಲ. ಸ್ವಂತ ಮಾತು ಮುರಿದುಹೋದವನಿಗೆ ಅದು ಊರುಗೋಲು.

ನಾಲ್ಕನೆಯದಾಗಿ, ಹೊರಬಂದವರನ್ನು ಅವರ ಹಿಂದಿನ ಸಭೆಯ ವಿರುದ್ಧ ಸಾಕ್ಷಿಗಳಾಗಿ ಬಳಸಬಾರದು. ಕಟ್ಟುನಿಟ್ಟಿನ ಮನೆಯು ಅವರಿಗೆ ಭಯವನ್ನು ಕೊಟ್ಟಿರಬಹುದು. ಅನ್ನವು ವರವೆಂಬ ಅರಿವನ್ನೂ ಅದೇ ಮನೆಯೇ ಕೊಟ್ಟಿರಬಹುದು. ಎರಡನ್ನೂ ಬೇರ್ಪಡಿಸಿ ಆರಿಸಿಕೊಳ್ಳಲು ಅವರಿಗೆ ವರುಷಗಳು ಬೇಕಾಗುತ್ತವೆ. ಆ ಕೆಲಸವನ್ನು ಅವರ ಪರವಾಗಿ ನಾವು ಮಾಡಲಾರೆವು.

ಕೊನೆಯದಾಗಿ, ಮನೆಗೆ ಹೋಗಿಬರುವ ವಿಷಯ. ಬೇರೆ ಮೇಜಿನಲ್ಲಿ ಕೂರಿಸುತ್ತಾರೆಂದು ತಿಳಿದೂ ತಾಯಿತಂದೆಯರನ್ನು ನೋಡಲು ಹೋಗಬೇಕೋ ಬೇಡವೋ ಎಂಬುದನ್ನು ಸಭಾಪಾಲಕನು ಅವರಿಗಾಗಿ ತೀರ್ಮಾನಿಸಬಾರದು. ಕೆಲವರಿಗೆ ಅದು ತಾಳಲಾರದ ಅವಮಾನವಾಗಬಹುದು. ಹೋಗದಿರುವುದು ಅವರಿಗೆ ಪಾಪವಲ್ಲ. ಆದರೆ ಹೋಗುವವರು ತಲೆಬಾಗಿಸಬಹುದೋ ಎಂದು ಕೇಳಿದರೆ, ಬಾಗಿಸಬಹುದು ಎಂದು ಧೈರ್ಯವಾಗಿ ಹೇಳಬೇಕು. ಅದು ಶರಣಾಗತಿಯಲ್ಲ. ಅವನ ಮುಂದಿರುವ ರೊಟ್ಟಿಯು ದೊಡ್ಡ ಮೇಜಿನ ಮೇಲಿರುವ ರೊಟ್ಟಿಯೇ. ಅದನ್ನು ಕೊಟ್ಟಾತನೂ ಒಬ್ಬನೇ. ಎರಡು ಮೇಜುಗಳ ನಡುವೆ ಅಂತರವನ್ನು ಇಡಲು ಸಭೆಗೆ ಸಾಧ್ಯವಾಗಬಹುದು, ಎರಡು ಮೌನಗಳ ನಡುವೆ ಇಡಲು ಸಾಧ್ಯವಿಲ್ಲ. ಆ ಅರ್ಧ ನಿಮಿಷದಲ್ಲಿ ತಂದೆಯೂ ಮಗನೂ ಒಬ್ಬನನ್ನೇ ಕುರಿತು ಸ್ತೋತ್ರಮಾಡುತ್ತಿದ್ದಾರೆ.

ಉಪಸಂಹಾರ

ಕಟ್ಟುನಿಟ್ಟಿನ ಸಭೆಯನ್ನು ಬಿಟ್ಟವರು ಊಟದ ಪ್ರಾರ್ಥನೆಯನ್ನು ಉಳಿಸಿಕೊಳ್ಳಬೇಕೋ ಬಿಡಬೇಕೋ ಎಂಬ ಪ್ರಶ್ನೆಗೆ ಅದು ಕರ್ತವ್ಯವೆಂದಾಗಲಿ ಅನಾವಶ್ಯಕವೆಂದಾಗಲಿ ನಾವು ಉತ್ತರಕೊಡುವುದಿಲ್ಲ. ಆ ಸ್ತೋತ್ರವು ಮೊದಲಿನಿಂದಲೂ ಅವರನ್ನು ಹೊರಗಿಟ್ಟವರ ಸ್ವತ್ತಾಗಿರಲಿಲ್ಲ, ಅವರನ್ನು ಒಳಗೆ ಸೇರಿಸಿಕೊಂಡ ನಮ್ಮ ಸ್ವತ್ತೂ ಅಲ್ಲ. ಎಮ್ಮಾಹುವಿನ ಇಬ್ಬರು ಶಿಷ್ಯರು ಯೆರೂಸಲೇಮನ್ನು ಬಿಟ್ಟು, ತಮ್ಮ ನಿರೀಕ್ಷೆ ಮುಗಿಯಿತೆಂದು ಹೊರಟಿದ್ದವರು. ಕರ್ತನು ದಾರಿಯಲ್ಲಿ ಅವರೊಂದಿಗೆ ನಡೆದನು, ಅವರ ಮನೆಯಲ್ಲಿ ಅತಿಥಿಯಾಗಿ ಕುಳಿತನು. ಸ್ತೋತ್ರಮಾಡಿ ರೊಟ್ಟಿಯನ್ನು ಮುರಿದವನು ಅವನೇ, ಅವರಲ್ಲ. ಅವರು ಪ್ರಾರ್ಥಿಸಿದರೋ ಎಂಬುದನ್ನು ಲೂಕನು ಬರೆದಿಲ್ಲ. ಅವರ ಕಣ್ಣುಗಳು ತೆರೆದವೆಂದು ಮಾತ್ರ ಬರೆದಿದ್ದಾನೆ. ನಮ್ಮ ಮೇಜಿಗೆ ಬರುವವರಿಗಾಗಿ ನಾವು ಮಾಡಬಹುದಾದದ್ದು ಇಷ್ಟೇ: ಊಟ ಬಡಿಸುವುದು, ನಮ್ಮ ಸ್ತೋತ್ರವನ್ನು ಸರಳವಾಗಿ ಸಲ್ಲಿಸುವುದು, ಮತ್ತು ಅವರ ಸ್ತೋತ್ರಕ್ಕಾಗಿ ಅವಸರಪಡದೆ ಕಾಯುವುದು.